ಆ ಪತ್ರ ಲಿಂಕನ್ ಬರೆದದ್ದಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರದ ನಿಮ್ಮ ಪುರವಣಿಯಲ್ಲಿ ಮತ್ತೆ ಅದೇ ಪತ್ರ ಬಂದಿದೆ. ಅಬ್ರಹಾಂ ಲಿಂಕನ್ ತಮ್ಮ ಮಗನ ಮೇಷ್ಟ್ರಿಗೆ ಬರೆದದ್ದು ಅಂತ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತದಲ್ಲ, ಅದೇ. ನನ್ನ ಮಗನಿಗೆ ಸೋಲುವುದನ್ನೂ ಕಲಿಸಿ, ಮುದ್ದು ಮಾಡಬೇಡಿ, ಹೀಗೆ ಸಾಗುತ್ತದೆ. ಓದಲು ಚೆನ್ನಾಗಿಯೇ ಇದೆ, ಬೇಡ ಅನ್ನಲ್ಲ. ಆದರೆ ಲಿಂಕನ್ ಅದನ್ನು ಬರೆದರು ಅನ್ನುವುದಕ್ಕೆ ಆಧಾರವೇ ಇಲ್ಲ. ಅವರ ಪತ್ರ, ಭಾಷಣ, ತುಂಡು ಚೀಟಿಗಳನ್ನೆಲ್ಲ ಹುಡುಕಿ ಸಂಪುಟಗಳಾಗಿ ಅಚ್ಚು ಹಾಕಿದ್ದಾರೆ, ಅವುಗಳಲ್ಲಿ ಇದು ಇಲ್ಲ.

ಪಕ್ಕದ ಬಾಕ್ಸಿನಲ್ಲಿ ಚಮ್ಮಾರನ ಮಗನ ಕಥೆಯನ್ನೂ ಹಾಕಿದ್ದೀರಿ. ಸಭೆಯಲ್ಲಿ ಯಾರೋ ಸಿರಿವಂತ ಎದ್ದು 'ನಿಮ್ಮಪ್ಪ ನಮ್ಮ ಮನೆಗೆ ಚಪ್ಪಲಿ ಹೊಲಿದು ಕೊಡುತ್ತಿದ್ದ' ಅಂತ ಹಂಗಿಸಿದನಂತೆ, ಲಿಂಕನ್ ಅಪ್ಪನ ಕಸುಬನ್ನು ಹೊಗಳಿ ಅವನ ಬಾಯಿ ಮುಚ್ಚಿಸಿದರಂತೆ. ಲಿಂಕನ್ ಅಪ್ಪ ಥಾಮಸ್ ಚಮ್ಮಾರನಲ್ಲ. ಬಡಗಿ, ಜೊತೆಗೆ ಬೇಸಾಯ. 1818ರಲ್ಲಿ ಇಂಡಿಯಾನಾದಲ್ಲಿ ಲಿಂಕನ್ ತಾಯಿ ನ್ಯಾನ್ಸಿ ತೀರಿಕೊಂಡಾಗ ಶವಪೆಟ್ಟಿಗೆ ಮಾಡಿದ್ದು ಈ ಅಪ್ಪನೇ, ಒಂಬತ್ತು ವರ್ಷದ ಮಗ ಕೂತು ಅದಕ್ಕೆ ಮರದ ಮೊಳೆ ಕೆತ್ತಿಕೊಟ್ಟ ಅಂತ ಹೇಳುತ್ತಾರೆ. ಕಾಡಿನಲ್ಲಿ ವಿಷದ ಗಿಡ ಮೇಯ್ದ ಹಸುಗಳ ಹಾಲು ಕುಡಿದು ಬರುತ್ತಿದ್ದ ಕಾಯಿಲೆ ಆಕೆಯನ್ನು ತೆಗೆದುಕೊಂಡು ಹೋಗಿತ್ತು.

ನಿಜ ಹೇಳಬೇಕೆಂದರೆ ಅಪ್ಪ ಮಗನಿಗೆ ಸರಿ ಇರಲೇ ಇಲ್ಲ. ಥಾಮಸ್‌ಗೆ ತನ್ನ ಹೆಸರು ಬರೆಯಲು ಬಂದರೆ ಹೆಚ್ಚು. ಮಗ ಸದಾ ಪುಸ್ತಕ ಹಿಡಿದು ಕೂರುವುದು ಅವನಿಗೆ ಸೋಮಾರಿತನದ ಹಾಗೆ ಕಾಣುತ್ತಿತ್ತು. ಮಗನನ್ನು ಬೇರೆಯವರ ಹೊಲಕ್ಕೆ ಕೂಲಿಗೆ ಕಳಿಸಿ ದುಡ್ಡನ್ನು ತಾನೇ ಇಟ್ಟುಕೊಳ್ಳುತ್ತಿದ್ದ. ಇಪ್ಪತ್ತೊಂದು ತುಂಬುವ ತನಕ ಮಗನ ದುಡಿಮೆ ಅಪ್ಪನದೇ ಅನ್ನುವುದು ಆಗಿನ ಕಾನೂನು. ಲಿಂಕನ್ ಸ್ಕೂಲಿಗೆ ಹೋದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ಆಗುವುದಿಲ್ಲ. ಓದಲು ಬಿಟ್ಟವಳು ಮಲತಾಯಿ ಸಾರಾ. ಮಲತಾಯಿ ಅಂದರೆ ಕಥೆಗಳಲ್ಲಿ ಏನೇನೋ ಇರುತ್ತೆ, ಇಲ್ಲಿ ತದ್ವಿರುದ್ಧ.

1851ರ ಜನವರಿಯಲ್ಲಿ ಥಾಮಸ್ ಸಾಯುವ ಸ್ಥಿತಿಗೆ ಬಂದ. ಮಲತಾಯಿಯ ಮಗ ಎರಡು ಸಲ ಬರೆದರೂ ಲಿಂಕನ್ ಉತ್ತರ ಕೊಡಲಿಲ್ಲ. ಆಮೇಲೆ ಬರೆದದ್ದು ಇಷ್ಟು: ಹೆಂಡತಿಗೆ ಹುಷಾರಿಲ್ಲ, ಬರಲು ಆಗುವುದಿಲ್ಲ, ಅಪ್ಪನಿಗೆ ದೇವರನ್ನು ನಂಬಲು ಹೇಳು, ಈಗ ನಾವಿಬ್ಬರೂ ಭೇಟಿಯಾದರೆ ಸಂತೋಷಕ್ಕಿಂತ ನೋವೇ ಜಾಸ್ತಿ ಆದೀತು. ಐದು ದಿನಕ್ಕೆ ಅಪ್ಪ ಹೋದ. ಮಗ ಮಣ್ಣಿಗೂ ಹೋಗಲಿಲ್ಲ. ಹೆಂಡತಿ ಆಗಷ್ಟೇ ಹೆತ್ತಿದ್ದಳು, ನೆಪ ಸುಳ್ಳಲ್ಲ. ಆದರೂ ಆ ಸಾಲು ಓದಿದಾಗ ನನಗೆ ಒಂಥರಾ ಆಯಿತು. ಚಪ್ಪಲಿ ಕಥೆಯ ಲಿಂಕನ್ ಎಲ್ಲಿ, ಈ ಪತ್ರದ ಲಿಂಕನ್ ಎಲ್ಲಿ! ಎರಡು ವರ್ಷ ಬಿಟ್ಟು 1853ರಲ್ಲಿ ನಾಲ್ಕನೇ ಮಗ ಹುಟ್ಟಿದ. ಅವನಿಗೆ ಇಟ್ಟ ಹೆಸರು ಥಾಮಸ್. ಆದರೆ ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಕೂಸಿನ ತಲೆ ದಪ್ಪಗಿತ್ತು ಅಂತ ಕಪ್ಪೆಮರಿ ಅನ್ನುವ ಅರ್ಥ ಬರುವ ಹಾಗೆ 'ಟ್ಯಾಡ್' ಅಂತ ಕರೆದರು, ಅದೇ ಉಳಿಯಿತು.

ಇನ್ನು ಆ ಮೇಷ್ಟ್ರ ಪತ್ರದ ಅಪ್ಪ ತುಂಬಾ ಶಿಸ್ತಿನ ಮನುಷ್ಯ ಅಲ್ವಾ? ನಿಜವಾದ ಲಿಂಕನ್‌ಗೆ ಮಕ್ಕಳನ್ನು ಗದರಲು ಬರುತ್ತಿರಲಿಲ್ಲ. ಸ್ಪ್ರಿಂಗ್‌ಫೀಲ್ಡ್‌ನ ವಕೀಲಿ ಆಫೀಸಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಿಟ್ಟರೆ ಅವರು ಪುಸ್ತಕ ಎಳೆದು ಹಾಕಿ, ಶಾಯಿ ಚೆಲ್ಲಿ ರಂಪ ಮಾಡುತ್ತಿದ್ದರು. ಜೊತೆಗಾರ ವಕೀಲ ಹರ್ನ್‌ಡನ್‌ಗೆ ಆ ಹುಡುಗರ ಕತ್ತು ಹಿಸುಕುವಷ್ಟು ಸಿಟ್ಟು ಬರುತ್ತಿತ್ತಂತೆ. ಲಿಂಕನ್ ಮಾತ್ರ ತಲೆ ಎತ್ತುತ್ತಿರಲಿಲ್ಲ. ಟ್ಯಾಡ್‌ಗೆ ಮಾತು ಸ್ಪಷ್ಟ ಇರಲಿಲ್ಲ. ಶ್ವೇತಭವನಕ್ಕೆ ಪಾಠ ಹೇಳುವವರು ಬಂದರು, ಹೋದರು, ಅಪ್ಪ ತೀರಿಕೊಂಡಾಗ ಹನ್ನೆರಡು ವರ್ಷದ ಹುಡುಗನಿಗೆ ಓದು ಬರಹ ಬರುತ್ತಿರಲಿಲ್ಲ ಅಂದರೂ ತಪ್ಪಿಲ್ಲ.

ಓದಿನ ಬಗ್ಗೆ ಲಿಂಕನ್ ನಿಜಕ್ಕೂ ಬರೆದ ಪತ್ರ ಬೇಕಾ? ಇದೆ. ಅದು ಮೇಷ್ಟ್ರಿಗಲ್ಲ, ಫೇಲಾದ ಹುಡುಗನಿಗೆ. ಹಿರಿಯ ಮಗ ರಾಬರ್ಟ್ ತಾನೇ ಮೊದಲ ಸಲ ಹಾರ್ವರ್ಡ್ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ, ಒಂದು ವರ್ಷ ಬೇರೆ ಕಡೆ ಓದಿ, 1860ರಲ್ಲಿ ಒಳಗೆ ಹೋದ. ಆ ವರ್ಷ ಅವನ ಗೆಳೆಯ ಜಾರ್ಜ್ ಲ್ಯಾಥಮ್‌ಗೆ ಸೀಟು ಸಿಗಲಿಲ್ಲ. ಲಿಂಕನ್ ಆಗ ಅಧ್ಯಕ್ಷ ಸ್ಥಾನದ ಅಭ್ಯರ್ಥಿ, ದೇಶ ಒಡೆಯುವ ಹಂತಕ್ಕೆ ಬಂದಿತ್ತು. ಅಂಥ ಜುಲೈ ತಿಂಗಳಲ್ಲಿ ಕೂತು ಆ ಹುಡುಗನಿಗೆ ಬರೆದರು. ನೀನು ಫೇಲಾದ ಸುದ್ದಿ ಕೇಳಿ ಆದಷ್ಟು ಬೇಸರ ನನಗೆ ಜೀವನದಲ್ಲಿ ಆಗಿದ್ದು ಕಡಿಮೆ, ಎದೆಗುಂದಬೇಡ, ಸೋಲುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿದರೆ ಸೋಲಲ್ಲ, ತುಂಬಾ ಅನುಭವಿಸಿದವನು ಹೇಳುತ್ತಿದ್ದೇನೆ, ಅಂತ. ಸುಳ್ಳು ಪತ್ರಕ್ಕಿಂತ ಇದು ಎಷ್ಟೋ ವಾಸಿ, ಯಾಕೆಂದರೆ ಇದರಲ್ಲಿ ಉಪದೇಶ ಕಡಿಮೆ, ಸಂಕಟ ಜಾಸ್ತಿ.

ಲಿಂಕನ್ ಮತ್ತು ಅವರಂತೆಯೇ ಗುಂಡಿಗೆ ಬಲಿಯಾದ ಅಧ್ಯಕ್ಷ ಕೆನಡಿ ನಡುವಿನ ಕಾಕತಾಳೀಯಗಳ ಪಟ್ಟಿಯನ್ನೂ ದಯವಿಟ್ಟು ಇನ್ನು ಬಿಡಿ. ಲಿಂಕನ್‌ಗೆ ಕೆನಡಿ ಅನ್ನುವ ಕಾರ್ಯದರ್ಶಿ ಇದ್ದ ಅನ್ನುತ್ತಾರೆ, ಇದ್ದವರು ನಿಕೋಲೇ ಮತ್ತು ಹೇ. ಕಾಕತಾಳೀಯವೇ ಬೇಕಿದ್ದರೆ ರಾಬರ್ಟ್‌ನ ಬದುಕಿನಲ್ಲಿದೆ. ಅಂತರ್ಯುದ್ಧದ ದಿನಗಳು, ನ್ಯೂಜೆರ್ಸಿಯ ಜೆರ್ಸಿ ಸಿಟಿ ರೈಲು ನಿಲ್ದಾಣ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಂಡಕ್ಟರ್ ಹತ್ತಿರ ಮಲಗುವ ಬೋಗಿಯ ಜಾಗ ಕೊಳ್ಳುವ ನೂಕುನುಗ್ಗಲು. ರಾಬರ್ಟ್ ಬೋಗಿಗೆ ಒತ್ತಿಕೊಂಡು ನಿಂತಿದ್ದಾನೆ. ರೈಲು ಮೆಲ್ಲಗೆ ಹೊರಟೇ ಬಿಟ್ಟಿತು. ಕಾಲು ಜಾರಿ ಬೋಗಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಗೆ ಇಳಿದ. ಅಷ್ಟರಲ್ಲಿ ಯಾರೋ ಕೋಟಿನ ಕಾಲರ್ ಹಿಡಿದು ಮೇಲಕ್ಕೆ ಎಳೆದರು. ತಿರುಗಿ ನೋಡಿದರೆ ದೇಶಕ್ಕೆಲ್ಲ ಗೊತ್ತಿದ್ದ ಮುಖ, ನಾಟಕದ ನಟ ಎಡ್ವಿನ್ ಬೂತ್. ರಾಬರ್ಟ್ ಹೆಸರು ಹಿಡಿದೇ ಥ್ಯಾಂಕ್ಸ್ ಹೇಳಿದ. 1865ರ ಏಪ್ರಿಲ್ 14ರ ರಾತ್ರಿ ಫೋರ್ಡ್ಸ್ ರಂಗಮಂದಿರದಲ್ಲಿ ಲಿಂಕನ್ ಅವರಿಗೆ ಗುಂಡು ಹೊಡೆದದ್ದು ಇದೇ ಎಡ್ವಿನ್‌ನ ಸ್ವಂತ ತಮ್ಮ, ಜಾನ್ ವಿಲ್ಕ್ಸ್ ಬೂತ್. ಇದು ಕಟ್ಟುಕಥೆ ಅಲ್ಲ, 1909ರಲ್ಲಿ ರಾಬರ್ಟ್ ತನ್ನ ಕೈಯಾರೆ ಪತ್ರದಲ್ಲಿ ಬರೆದಿಟ್ಟಿದ್ದಾನೆ.

ಪಾಪ, ಅವನ ಹಣೆಬರಹ ಅಲ್ಲಿಗೇ ಮುಗಿಯಲಿಲ್ಲ. 1881ರಲ್ಲಿ ವಾಷಿಂಗ್ಟನ್‌ನ ರೈಲು ನಿಲ್ದಾಣದಲ್ಲಿ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿದ್ದಾಗ ಯುದ್ಧ ಮಂತ್ರಿಯಾಗಿ ಇವನೂ ಅಲ್ಲೇ ಇದ್ದ. 1901ರಲ್ಲಿ ಅಧ್ಯಕ್ಷ ಮೆಕಿನ್ಲಿಗೆ ಗುಂಡು ಬಿದ್ದ ದಿನ ಅದು ನಡೆದ ಬಫಲೋ ಊರಿಗೆ ಬಂದಿದ್ದ. ಇನ್ನೊಂದು ವಿಷಯ ಬರೆಯಲು ಬೇಜಾರು. 1875ರಲ್ಲಿ ಹೆತ್ತ ತಾಯಿ ಮೇರಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಶಿಕಾಗೋದ ಕೋರ್ಟಿನಲ್ಲಿ ಸಾಕ್ಷಿ ಹೇಳಿ ಆಕೆಯನ್ನು ಆಸ್ಪತ್ರೆಗೆ ಸೇರಿಸಿದವನು ಇವನೇ. ಬಾಂಡುಗಳನ್ನು ಲಂಗದ ಒಳಗೆ ಹೊಲಿದುಕೊಂಡು ಓಡಾಡುತ್ತಿದ್ದ ಆ ಹೆಂಗಸು ಅಷ್ಟರಲ್ಲಿ ಗಂಡನನ್ನೂ, ನಾಲ್ವರಲ್ಲಿ ಮೂವರು ಮಕ್ಕಳನ್ನೂ ಕಳೆದುಕೊಂಡಿದ್ದಳು. ಕೆಲವೇ ತಿಂಗಳಲ್ಲಿ ಹೊರಗೆ ಬಂದಳು. ರಾಬರ್ಟ್‌ನ ಒಬ್ಬ ಮೊಮ್ಮಗ 1985ರಲ್ಲಿ ತೀರಿಕೊಂಡ ಮೇಲೆ ಲಿಂಕನ್ ವಂಶವೇ ಇಲ್ಲ.

ಇಷ್ಟು ಉದ್ದ ಬರೆದದ್ದಕ್ಕೆ ಕಾರಣ ಒಂದೇ, ಮುಂದಿನ ಸಲ ಲಿಂಕನ್ ಪತ್ರ ಹಾಕುವುದಿದ್ದರೆ ಅವರದೇ ಹಾಕಿ ಅಂತ ಕೇಳಲು. ಬೇಕಾದಷ್ಟಿವೆ. ನನ್ನನ್ನು ಕೇಳಿದರೆ 1863ರ ಆಗಸ್ಟ್ 8ರದ್ದು ಹಾಕಿ. ಗೆಟ್ಟಿಸ್‌ಬರ್ಗ್ ಯುದ್ಧ ಮುಗಿದು ತಿಂಗಳಾಗಿದೆ ಅಷ್ಟೇ. ಹೆಂಡತಿ, ಟ್ಯಾಡ್ ಊರಲ್ಲಿಲ್ಲ. ಅಧ್ಯಕ್ಷರು ಬರೆದಿರುವುದು ಕಳೆದುಹೋದ ಮೇಕೆಯ ಬಗ್ಗೆ. ಟ್ಯಾಡ್‌ಗೆ ಹೇಳು, ಪಾಪದ ನ್ಯಾನಿ ಕಾಣಿಸುತ್ತಿಲ್ಲ. ನೀವು ಹೋದ ದಿನ ಅವನ ಹಾಸಿಗೆಯ ನಟ್ಟನಡುವೆ ಮಲಗಿ ಮೆಲುಕು ಹಾಕುತ್ತಿತ್ತು. ಹೂವೆಲ್ಲ ಹಾಳು ಮಾಡುತ್ತೆ ಅಂತ ಮಾಲಿ ದೂರಿ ದೂರಿ, ಕೊನೆಗೆ ಶ್ವೇತಭವನಕ್ಕೆ ತಂದರೆ ಎರಡನೇ ದಿನವೇ ಮಾಯ! ಅದಕ್ಕೂ ಮೊದಲು ಜೂನ್‌ನಲ್ಲಿ ಹೆಂಡತಿಗೆ ಒಂದು ತಂತಿ ಕಳಿಸಿದ್ದಾರೆ, ಟ್ಯಾಡ್‌ನ ಪಿಸ್ತೂಲು ಎತ್ತಿಡು, ಅವನ ಬಗ್ಗೆ ಕೆಟ್ಟ ಕನಸು ಬಿತ್ತು ಅಂತ. ಮರುವರ್ಷ ಏಪ್ರಿಲ್‌ನಲ್ಲಿ ಇನ್ನೊಂದು: ಮೇಕೆಗಳೂ ಅಪ್ಪನೂ ಚೆನ್ನಾಗಿದ್ದಾರೆ ಅಂತ ಟ್ಯಾಡ್‌ಗೆ ಹೇಳು, ಅದರಲ್ಲೂ ಮೇಕೆಗಳು.

ಇಂತಿ,
ನಿಮ್ಮ ಹಳೆಯ ಓದುಗ