ಟೆಲಿಸ್ಕೋಪ್ ಕೊಳ್ಳುವ ಮುಂಚೆ: ಹಾಸನದ ಸೋದರಳಿಯನಿಗೆ ಒಂದು ಪತ್ರ

ಮೂಡಿಗೆರೆ,
ಚಿಕ್ಕಮಗಳೂರು ಜಿಲ್ಲೆ

ಪ್ರೀತಿಯ ಪುಟ್ಟಾ,

ಅತ್ತೆಯ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳಿಸಿದ ಪಟ್ಟಿಯನ್ನು ನಿಧಾನವಾಗಿ ಕೂತು ಓದಿದೆ. ದುಡಿಯಲು ಶುರು ಮಾಡಿದ ಮೊದಲ ವರ್ಷದಲ್ಲೇ ಟೆಲಿಸ್ಕೋಪ್ ಕೊಳ್ಳಬೇಕು ಅಂತ ನಿನಗೆ ಅನ್ನಿಸಿದೆಯಲ್ಲ, ಅದಕ್ಕಿಂತ ಸಂತೋಷದ ಸುದ್ದಿ ನನಗೆ ಈಚೆಗೆ ಬಂದಿಲ್ಲ. ಹೈಸ್ಕೂಲಿನ ಮಕ್ಕಳಿಗೆ ಶನಿಯ ಬಳೆ ತೋರಿಸಿಕೊಂಡೇ ನಾನು ರಿಟೈರ್ ಆದವಳು. ಹಾಗಾಗಿ ನನಗೆ ಗೊತ್ತಿರುವುದನ್ನೆಲ್ಲ ನಿನಗೆ ಹೇಳಿಬಿಡಬೇಕು ಅನ್ನಿಸುತ್ತಿದೆ.

ಪಟ್ಟಿಯಲ್ಲಿ ಟೆಲಿಸ್ಕೋಪಿಗಿಂತ ಅದರ ಜೊತೆಯ ಸಾಮಾನೇ ಜಾಸ್ತಿ ಇದೆ. ಐಪೀಸ್ (ಕಣ್ಣಿಟ್ಟು ನೋಡುವ ಕಡೆಯ ಗಾಜು) ಸೆಟ್ಟು, ಚಿತ್ರವನ್ನು ಇನ್ನಷ್ಟು ಹಿಗ್ಗಿಸುವ ಬಾರ್ಲೋ ಲೆನ್ಸು, ಬಣ್ಣಬಣ್ಣದ ಫಿಲ್ಟರು, ಲೇಸರ್, ಮೋಟರು, ಮೊಬೈಲ್ ಸಿಕ್ಕಿಸುವ ಹಿಡಿಕೆ. ಇಷ್ಟೆಲ್ಲ ಒಟ್ಟಿಗೆ ತರಿಸಬೇಡ. ದುಡ್ಡಿನ ಬಹುಪಾಲು ಟೆಲಿಸ್ಕೋಪಿನೊಳಗೆ ಬೆಳಕು ಹಿಡಿಯುವ ಕನ್ನಡಿಗೆ ಹೋಗಲಿ, ಆ ಕನ್ನಡಿಯನ್ನು ಅಲುಗದ ಹಾಗೆ ಹಿಡಿಯುವ ಸ್ಟ್ಯಾಂಡಿಗೆ ಹೋಗಲಿ. ಮಿಕ್ಕಿದ್ದು ನಿನ್ನ ಕಣ್ಣು ಕೇಳಿದ ಹಾಗೆ ಒಂದೊಂದಾಗಿ ಬರಲಿ.

ಮೊದಲು ನಿನ್ನ ಪಟ್ಟಿಯ ಆ 76 ಮಿಲಿಮೀಟರ್ ಅಗಲದ ಕನ್ನಡಿಯ ಟೆಲಿಸ್ಕೋಪಿನ ವಿಷಯ. ಡಬ್ಬದ ಮೇಲೆ '525 ಪಟ್ಟು' ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ, ಅದೇ ನಿನಗೆ ಇಷ್ಟವಾಗಿದೆ ಅಲ್ವಾ? ಲೆಕ್ಕ ಹಾಕಿ ನೋಡು. ಕೊಳವೆಯ ಫೋಕಲ್ ಲೆಂತ್, ಅಂದರೆ ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ಜಾಗದವರೆಗಿನ ದೂರ, 700 ಮಿಲಿಮೀಟರ್. ಅದನ್ನು ಐಪೀಸಿನ 4 ಮಿಲಿಮೀಟರಿನಿಂದ ಭಾಗಿಸಿದರೆ 175 ಪಟ್ಟು. ಮೂರು ಪಟ್ಟಿನ ಬಾರ್ಲೋ ಸೇರಿಸಿದರೆ 525. ಲೆಕ್ಕ ಸರಿಯೇ, ಸುಳ್ಳೇನಲ್ಲ. ಆದರೆ ಕನ್ನಡಿಯ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟಿನವರೆಗೆ ಮಾತ್ರ ಚಿತ್ರ ಚೆನ್ನಾಗಿರುತ್ತದೆ. 76ಕ್ಕೆ ಸುಮಾರು 150 ಪಟ್ಟು ಅಷ್ಟೇ. ಅದರ ಮೇಲೆ ಹಿಗ್ಗಿಸಿದರೆ ಗುರುಗ್ರಹ ಮಸುಕಾದ ಒಂದು ಉಂಡೆ. ಹೊಸ ವಿವರ ಏನೂ ಸಿಗುವುದಿಲ್ಲ.

ಟೆಲಿಸ್ಕೋಪಿನ ಮುಖ್ಯ ಕೆಲಸ ಬೆಳಕು ಹಿಡಿಯುವುದು, ದೊಡ್ಡದು ಮಾಡುವುದು ಆಮೇಲಿನ ಮಾತು. 150 ಮಿಲಿಮೀಟರಿನ ಕನ್ನಡಿ, ಅಂದರೆ ಆರು ಇಂಚಿನದ್ದು, 76ರ ಕನ್ನಡಿಗಿಂತ ಸುಮಾರು ನಾಲ್ಕು ಪಟ್ಟು ಬೆಳಕು ಹಿಡಿಯುತ್ತದೆ. ಮಹಾವ್ಯಾಧ (ಒರೈಯನ್) ನಕ್ಷತ್ರಪುಂಜದ ಕತ್ತಿಯಲ್ಲಿರುವ ನೀಹಾರಿಕೆಗೆ, ಅಂದರೆ ಮೋಡದಂಥ ಹೊಳಪಿಗೆ, ರೆಕ್ಕೆ ಮೂಡಿದ ಹಾಗೆ ಕಾಣುವುದು ಆಗ. ನಿನ್ನ ಬಜೆಟ್ಟಿಗೆ ಆರು ಇಂಚಿನ ಡಾಬ್ಸೋನಿಯನ್ ಸರಿ. ಎಂಟು ಇಂಚು ಇನ್ನೂ ಚೆನ್ನ, ಆದರೆ ಅದು ಭಾರ. ಹಾಸನದ ನಿನ್ನ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿದೆ. ಹೊರಲಾರದ ಟೆಲಿಸ್ಕೋಪ್ ಮೂಲೆ ಸೇರುತ್ತದೆ.

ಡಾಬ್ಸೋನಿಯನ್ ಅಂದರೆ ಏನು ಅಂತ ಕೇಳಿದ್ದೆಯಲ್ಲ. ಜಾನ್ ಡಾಬ್ಸನ್ ಅಂತ ಒಬ್ಬರಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಮಠದಲ್ಲಿ ಸನ್ಯಾಸಿಯಾಗಿದ್ದವರು. ರಾಮಕೃಷ್ಣ ಪರಂಪರೆಯ ಮಠ ಅದು. ಹಡಗಿನ ಕಿಟಕಿಯ ಹಳೆಯ ಗಾಜು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆಗೆ ಕೂರಿಸಿ, ಪ್ಲೈವುಡ್ ಪೆಟ್ಟಿಗೆಯ ಮೇಲೆ ಇಟ್ಟು ತಿರುಗಿಸುತ್ತಿದ್ದರು. 1967ರಲ್ಲಿ ಮಠ ಬಿಟ್ಟ ಮೇಲೆ ಬೀದಿಯಲ್ಲಿ ನಿಂತು ಹೋಗಿ ಬರುವವರಿಗೆಲ್ಲ ಚಂದ್ರನನ್ನು ತೋರಿಸಿದರು. ಕಡಿಮೆ ದುಡ್ಡಿಗೆ ದೊಡ್ಡ ಕನ್ನಡಿ ಸಿಗಬೇಕು ಅನ್ನುವುದೇ ಅವರ ಹಟ. ಆ ಹಟದ ಫಲ ಇವತ್ತು ನಿನಗೂ ಸಿಗುತ್ತಿದೆ.

ಇನ್ನು ಮೋಟರ್ ಇರುವ ಈಕ್ವಟೋರಿಯಲ್ ಮೌಂಟ್, ಅಂದರೆ ಆಕಾಶ ಸರಿದ ಹಾಗೆ ಟೆಲಿಸ್ಕೋಪನ್ನೂ ತಿರುಗಿಸುವ ಸ್ಟ್ಯಾಂಡು. ಅದು ನಮಗೆ ಬೇಡ, ಈಗಂತೂ ಬೇಡವೇ ಬೇಡ. ಆ ಮೌಂಟನ್ನು ಮೊದಲು ಧ್ರುವ ನಕ್ಷತ್ರದ ಕಡೆ ತಿರುಗಿಸಿ ಕೂರಿಸಬೇಕು. ನಮ್ಮ ಅಕ್ಷಾಂಶ 13 ಡಿಗ್ರಿ, ಹಾಗಾಗಿ ಧ್ರುವ ನಕ್ಷತ್ರವೂ ದಿಗಂತದಿಂದ 13 ಡಿಗ್ರಿ ಮೇಲೆ ಮಾತ್ರ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿ, ಆ ಮುಷ್ಟಿಗಿಂತ ಸ್ವಲ್ಪ ಎತ್ತರ. ಹಾಸನದಲ್ಲಿ ಎದುರು ಮನೆಯ ನೀರಿನ ಟ್ಯಾಂಕ್ ಅಡ್ಡ ಬರುತ್ತದೆ. ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಮರಗಳ ಸಾಲು. ಕಾಣದ ನಕ್ಷತ್ರಕ್ಕೆ ಗುರಿ ಇಟ್ಟು ಅರ್ಧ ರಾತ್ರಿ ಕಳೆಯುವುದು ಯಾಕೆ? ಅಗ್ಗದ ಈಕ್ವಟೋರಿಯಲ್ ಮೌಂಟ್ ಅಂತೂ ಕೈ ತಾಗಿದರೆ ಸಾಕು, ನಡುಗುತ್ತದೆ.

ಮೋಟರ್ ಇಲ್ಲದಿದ್ದರೆ ಗ್ರಹ ಜಾರಿ ಹೋಗುತ್ತದೆ, ನಿಜ. 120 ಪಟ್ಟಿನಲ್ಲಿ ನೋಡುವಾಗ ಒಂದೂವರೆ ನಿಮಿಷದ ಆಸುಪಾಸಿನಲ್ಲಿ ಶನಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಗುತ್ತದೆ. ಕೊಳವೆಯನ್ನು ಮೆಲ್ಲಗೆ ಒಂಚೂರು ತಳ್ಳಿದರಾಯಿತು, ಕೈಗೆ ಬೇಗ ರೂಢಿಯಾಗುತ್ತದೆ. ಅದಲ್ಲದೆ ಮೋಟರ್ ಇಲ್ಲದ ಟೆಲಿಸ್ಕೋಪಿನಲ್ಲಿ ಸುಲಭವಾಗಿ ಗುರುತಿಸಬಹುದಾದ ಒಂದು ವಿಶೇಷ ಇದೆ. ನೀನು ಇರುವ ಊರಿನಲ್ಲೇ ಇಸ್ರೋದ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ಇದೆ ಅಲ್ವಾ? 1982ರಿಂದ ನಮ್ಮ ಭೂಸ್ಥಿರ ಉಪಗ್ರಹಗಳನ್ನು, ಅಂದರೆ ಭೂಮಿಯ ಜೊತೆಗೇ ತಿರುಗುತ್ತಾ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತ ಹಾಗಿರುವ ಉಪಗ್ರಹಗಳನ್ನು, ನೋಡಿಕೊಳ್ಳುತ್ತಿರುವ ಕೇಂದ್ರ. ಆ ಉಪಗ್ರಹಗಳು ಇರುವುದು 36,000 ಕಿಲೋಮೀಟರ್ ಎತ್ತರದಲ್ಲಿ. ನಮ್ಮ ಊರಿಂದ ನೋಡಿದರೆ ಅವುಗಳ ದಾರಿ ಮಹಾವ್ಯಾಧನ ನಡುಪಟ್ಟಿಯ ಪಕ್ಕದಲ್ಲೇ ಹಾಯುತ್ತದೆ. ಕತ್ತಲಿರುವ ಜಾಗದಲ್ಲಿ ಟೆಲಿಸ್ಕೋಪನ್ನು ಆ ಕಡೆ ಇಟ್ಟು, ಮುಟ್ಟದೆ, ಸುಮ್ನೆ ನೋಡುತ್ತಾ ಇರು. ನಕ್ಷತ್ರಗಳೆಲ್ಲ ನಿಧಾನಕ್ಕೆ ಪಶ್ಚಿಮಕ್ಕೆ ಸರಿಯುತ್ತವೆ. ತುಂಬಾ ಮಂಕಾದ ಒಂದು ಚುಕ್ಕಿ ಮಾತ್ರ ಇದ್ದಲ್ಲೇ ಇರುತ್ತದೆ. ಅದೇ ಉಪಗ್ರಹ. ಒಮ್ಮೆಗೆ ಸಿಗದಿದ್ದರೆ ಬೇಜಾರಾಗಬೇಡ, ತಾಳ್ಮೆ ಬೇಕು.

ಐಪೀಸ್ ಸೆಟ್ಟಿನ ಪೆಟ್ಟಿಗೆ ನೋಡಲು ಬಲು ಚೆಂದ. ಆದರೆ ಅದರಲ್ಲಿ ಅರ್ಧಕ್ಕರ್ಧ ನೀನು ಮುಟ್ಟುವುದೇ ಇಲ್ಲ. ಆರು ಇಂಚಿನ ಡಾಬ್ಸೋನಿಯನ್‌ನ ಫೋಕಲ್ ಲೆಂತ್ ಸಾಮಾನ್ಯವಾಗಿ 1200. ಜೊತೆಗೆ ಬರುವ 25 ಮಿಲಿಮೀಟರಿನ ಐಪೀಸಿಗೆ 48 ಪಟ್ಟು, 10ರದ್ದಕ್ಕೆ 120 ಪಟ್ಟು. ಒಂದು ಚಳಿಗಾಲ ಪೂರ್ತಿ ಇವೆರಡರಲ್ಲೇ ನೋಡು. ಆಮೇಲೆ ಗ್ರಹಗಳ ಮೇಲೆ ಆಸೆ ಜಾಸ್ತಿಯಾದರೆ 6 ಮಿಲಿಮೀಟರಿನದ್ದು ಒಂದು ತಗೋ, 200 ಪಟ್ಟು ಆಗುತ್ತದೆ. ಗಾಳಿಯ ಅಲುಗಾಟದಿಂದಾಗಿ ಅದಕ್ಕಿಂತ ಹೆಚ್ಚಿಗೆ ಹಿಗ್ಗಿಸಲು ಆಗುವ ರಾತ್ರಿಗಳು ನಮ್ಮಲ್ಲಿ ಕಮ್ಮಿ. ಕೊಳ್ಳುವಾಗ ಐಪೀಸಿನ ಹಿಡಿಯ, ಅಂದರೆ ಟೆಲಿಸ್ಕೋಪಿನೊಳಗೆ ಕೂರುವ ಭಾಗದ, ಅಳತೆ 1.25 ಇಂಚು ಇದೆಯಾ ನೋಡಿಕೋ. 0.965 ಇಂಚಿನ ಹಳೇ ಅಳತೆಯದ್ದು ಆಟಿಕೆ ಟೆಲಿಸ್ಕೋಪ್‌ಗಳಲ್ಲಿ ಇನ್ನೂ ಇದೆ. ಅದಕ್ಕೆ ಮುಂದೆ ಒಳ್ಳೆಯ ಐಪೀಸ್ ಸಿಗುವುದೇ ಕಷ್ಟ.

ನಿನಗೆ ಕನ್ನಡಕ ಬೇರೆ ಇದೆ. ಪ್ಲಾಸಲ್ ಅನ್ನುವ ಸಾದಾ ಐಪೀಸಿನಲ್ಲಿ ಮಿಲಿಮೀಟರ್ ಕಮ್ಮಿ ಆದಷ್ಟೂ ಕಣ್ಣನ್ನು ಗಾಜಿಗೆ ಹತ್ತಿರ ತರಬೇಕು. 6ರದ್ದಕ್ಕೆ ರೆಪ್ಪೆ ತಾಗುವಷ್ಟು ಹತ್ತಿರ. ಬರೀ ದೂರದೃಷ್ಟಿ, ಸಮೀಪದೃಷ್ಟಿಯ ದೋಷ ಆದರೆ ಕನ್ನಡಕ ತೆಗೆದಿಟ್ಟು ಫೋಕಸ್ ತಿರುಗಿಸಿಕೊಂಡರೆ ಸಾಕು. ನಿನ್ನ ಚೀಟಿಯಲ್ಲಿ ಸಿಲಿಂಡರ್ ಪವರ್ ಜಾಸ್ತಿ ಇದ್ದರೆ ಕನ್ನಡಕ ಹಾಕಿಯೇ ನೋಡಬೇಕು. ಆಗ 'ಐ ರಿಲೀಫ್', ಅಂದರೆ ಕಣ್ಣಿಗೂ ಗಾಜಿಗೂ ನಡುವೆ ಸಿಗುವ ದೂರ, 15 ಮಿಲಿಮೀಟರಿಗಿಂತ ಹೆಚ್ಚಿರುವ ಐಪೀಸ್ ಕೇಳು. ದುಡ್ಡು ಸ್ವಲ್ಪ ಹೆಚ್ಚಾದರೂ ಅದು ಖರ್ಚು ಮಾಡಬೇಕಾದ ಜಾಗ.

ಬಣ್ಣದ ಫಿಲ್ಟರ್‌ಗಳನ್ನು ಪಟ್ಟಿಯಿಂದ ಹೊಡೆದುಹಾಕು. ಕನ್ನಡಿಗಳ ಸಾಲು ಸರಿ ಮಾಡುವ ಲೇಸರ್ ಕೂಡ ಈಗ ಬೇಡ. ನಮ್ಮ ರಸ್ತೆಯಲ್ಲಿ ಕುಲುಕಾಡಿ ಬಂದ ಟೆಲಿಸ್ಕೋಪಿನ ಕನ್ನಡಿಗಳು ಸಾಲು ತಪ್ಪಿರುತ್ತವೆ, ಅದನ್ನು ಸರಿ ಮಾಡಲೇಬೇಕು. ಆದರೆ ಅಗ್ಗದ ಲೇಸರಿನ ಸಾಲೇ ಎಷ್ಟೋ ಸಲ ತಪ್ಪಿರುತ್ತದೆ. ಐಪೀಸಿನ ಜಾಗದಲ್ಲಿ ಕೂರುವ ಒಂದು ಮುಚ್ಚಳ, ಅದರ ನಟ್ಟನಡುವೆ ಒಂದು ಸಣ್ಣ ತೂತು. ಇಷ್ಟಿದ್ದರೆ ಕೆಲಸ ಆಗುತ್ತದೆ. ಆ ತೂತಿನಲ್ಲಿ ಕಣ್ಣಿಟ್ಟು, ದೊಡ್ಡ ಕನ್ನಡಿಯ ನಡುವಿನ ಗುರುತು ಸರಿಯಾಗಿ ಮಧ್ಯಕ್ಕೆ ಬರುವವರೆಗೆ ಹಿಂದಿನ ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ಬಂದಾಗ ಕೈ ಹಿಡಿದು ಕಲಿಸುತ್ತೇನೆ.

ಸೂರ್ಯನ ಫಿಲ್ಟರಿನ ವಿಷಯ ಮಾತ್ರ ನಾನು ಆಜ್ಞೆ ಅಂತಲೇ ಹೇಳುತ್ತೇನೆ. ಐಪೀಸಿಗೆ ತಿರುಗಿಸಿ ಹಾಕುವ ಪುಟ್ಟ ಕಪ್ಪು ಗಾಜು ಡಬ್ಬದಲ್ಲಿ ಬಂದರೆ ಅವತ್ತೇ ಒಡೆದು ಬಿಸಾಡು. ಇಡೀ ಕನ್ನಡಿ ಹಿಡಿದ ಬಿಸಿಲು ಬಂದು ಕೂಡುವುದೇ ಅಲ್ಲಿ. ಗಾಜು ಕಾದು ಬಿರುಕು ಬಿಟ್ಟರೆ ಕಣ್ಣು ಹೋಗುತ್ತದೆ, ಮತ್ತೆ ಬರುವುದಿಲ್ಲ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೆನಪಿದೆಯಾ? ಮಂಗಳೂರು, ಮಡಿಕೇರಿ ಕಡೆಯವರಿಗೆ ಪೂರ್ತಿ ಬಳೆ ಕಂಡಿತು, ನಮಗೆ ಸ್ವಲ್ಪದರಲ್ಲಿ ತಪ್ಪಿತು. ಅವತ್ತಿನ ಹಾಗೆ ಆಸೆಯಾದಾಗ ಕೊಳವೆಯ ಮುಂಬಾಯಿಗೆ ಪೂರ್ತಿ ಕಟ್ಟುವ ಸೋಲಾರ್ ಫಿಲ್ಮನ್ನೇ ತರಿಸಬೇಕು. ಅದರಲ್ಲಿ ಸೂಜಿಮೊನೆಯಷ್ಟು ತೂತು ಇದ್ದರೂ ಬಳಸಬಾರದು. ಗುರಿ ಹುಡುಕಲು ಕೊಳವೆಯ ಮೇಲೆ ಕೂರಿಸಿರುವ ಪುಟ್ಟ ದುರ್ಬೀನು, ಅಂದರೆ ಫೈಂಡರು, ಅದರ ಮುಚ್ಚಳವನ್ನೂ ಹಾಕಿರಬೇಕು.

ಅಂಗಡಿಯವರು ಹೇಳದ ಇನ್ನೊಂದು ಮಾತು ಇದೆ. ನಮ್ಮ ಮಲೆನಾಡಿನಲ್ಲಿ ಟೆಲಿಸ್ಕೋಪಿನ ದೊಡ್ಡ ಶತ್ರು ಥಂಡಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಕಾಣುವುದೇ ಅಪರೂಪ. ಆ ನಾಲ್ಕು ತಿಂಗಳು ಮುಚ್ಚಿಟ್ಟ ಲೆನ್ಸಿನ ಒಳಗೆ ಜೇಡರಬಲೆಯ ಎಳೆಗಳ ಹಾಗೆ ಬೂಷ್ಟು ಹರಡುತ್ತದೆ. ಒಮ್ಮೆ ಗಾಜಿನ ಲೇಪ ತಿಂದರೆ ಆ ಗುರುತು ಹೋಗುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಫಿಲ್ಟರ್ ಇದ್ದ ಜಾಗದಲ್ಲಿ ಒಂದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅರ್ಧ ಕೆಜಿ ಸಿಲಿಕಾ ಜೆಲ್ ಅಂತ ಬರೆದುಕೋ. ಐಪೀಸ್, ಫೈಂಡರ್ ಎಲ್ಲ ಅದರಲ್ಲೇ ಇರಬೇಕು. ಜೆಲ್ಲಿನ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡು, ಬಣ್ಣ ಮೊದಲಿನಂತಾದರೆ ಮತ್ತೆ ಬಳಸಬಹುದು. ಆ ಬಾಣಲೆ ಅಡುಗೆಗೆ ಬೇಡ.

ಡಾಬ್ಸೋನಿಯನ್‌ನ ಪೆಟ್ಟಿಗೆ ಎಷ್ಟೋ ಕಂಪನಿಗಳಲ್ಲಿ ಪಾರ್ಟಿಕಲ್ ಬೋರ್ಡಿನದ್ದು. ಅದರ ಅಂಚಿಗೆ ನೀರು ಕುಡಿಯಿತೋ, ಊದಿಕೊಂಡು ಸ್ಕ್ರೂ ಸಡಿಲವಾಗುತ್ತದೆ. ಬಂದ ದಿನವೇ ಅಂಚುಗಳಿಗೆಲ್ಲ ವಾರ್ನಿಷ್ ಹೊಡಿ. ನೆಲಕ್ಕೆ ತಾಗಿಸಿ ಇಡಬೇಡ, ಕೆಳಗೆ ಎರಡು ರೀಪು ಹಾಕು. ಹಾಳಾದರೂ ಹೆದರಬೇಕಾಗಿಲ್ಲ. ನಮ್ಮೂರಿನ ಬಡಗಿ ನೀರು ತಡೆಯುವ ಪ್ಲೈವುಡ್ಡಿನಲ್ಲಿ ಅದಕ್ಕಿಂತ ಗಟ್ಟಿಯಾದ್ದನ್ನು ಮಾಡಿಕೊಡುತ್ತಾನೆ.

ನವೆಂಬರ್ ಕಳೆದ ಮೇಲೆ ಆಕಾಶ ಚೆನ್ನಾಗಿ ತೊಳೆದಿರುತ್ತದೆ, ಆದರೆ ಇಬ್ಬನಿ ವಿಪರೀತ. ಮೊದಲು ಮಂಜು ಕೂರುವುದು ಫೈಂಡರಿನ ಗಾಜಿನ ಮೇಲೆ, ಐಪೀಸಿನ ಮೇಲೆ. ಬಟ್ಟೆಯಲ್ಲಿ ಒರೆಸಬೇಡ, ಗೀರು ಬೀಳುತ್ತದೆ. ಬಳಸದ ಐಪೀಸನ್ನು ಸ್ವೆಟರ್ ಜೇಬಿನಲ್ಲಿ ಬೆಚ್ಚಗೆ ಇಟ್ಟುಕೋ. ಹಳೆಯ ಯೋಗ ಮ್ಯಾಟಿನ ತುಂಡೊಂದನ್ನು ಕೊಳವೆಯ ಬಾಯಿಗೆ ಸುತ್ತಿ ಮುಂದಕ್ಕೆ ಚಾಚಿಕೊಳ್ಳುವ ಹಾಗೆ ಕಟ್ಟು. ಒಳಗೆ ತಂದ ಮೇಲೆ ಒದ್ದೆ ಇರುವಾಗಲೇ ಮುಚ್ಚಳ ಹಾಕಬೇಡ, ಪೂರ್ತಿ ಆರಲಿ.

ಊರಿಗೆ ತಂದಾಗ ಕಣದಲ್ಲಿ ಇಡೋಣ ಅಂತ ಬರೆದಿದ್ದೀಯ. ಡಿಸೆಂಬರಿನಲ್ಲಿ ಕಣದ ತುಂಬ ಕಾಫಿ ಹರಡಿರುತ್ತದೆ, ಸಂಜೆ ಟಾರ್ಪಾಲು ಮುಚ್ಚಿದರೂ ಕಾಲಿಡಲು ಜಾಗ ಇರುವುದಿಲ್ಲ. ಜಾಗ ಇದ್ದರೂ ಬೇಡ. ಹಗಲೆಲ್ಲ ಕಾದ ಸಿಮೆಂಟು ರಾತ್ರಿ ಬಹಳ ಹೊತ್ತು ಶಾಖ ಬಿಡುತ್ತದೆ, ಗುರುವಿನ ಪಟ್ಟೆಗಳೆಲ್ಲ ನೀರಿನಲ್ಲಿ ಅಲುಗಿದ ಹಾಗೆ ಕಾಣುತ್ತವೆ. ಮನೆ ಮುಂದಿನ ಹುಲ್ಲಿನ ಅಂಗಳ ಒಳ್ಳೆಯದು. ನೋಡುವ ಹೊತ್ತಿಗಿಂತ ಮುಕ್ಕಾಲು ಗಂಟೆ ಮುಂಚೆ ಟೆಲಿಸ್ಕೋಪನ್ನು ಹೊರಗಿಟ್ಟರೆ ಕನ್ನಡಿಯೂ ತಣ್ಣಗಾಗುತ್ತದೆ. ಗೇಟು ದಾಟಿ ತೋಟದೊಳಗೆ ಹೋಗುವ ಯೋಚನೆ ಮಾಡಬೇಡ, ಈಗ ಆನೆ ಕಾಟ ಜಾಸ್ತಿ.

ಟೆಲಿಸ್ಕೋಪ್ ಬರುವವರೆಗೆ ಒಂದು 10×50 ಬೈನಾಕ್ಯುಲರ್ (10 ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಅಗಲದ ಗಾಜಿನದ್ದು) ತಗೋ. ಆಮೇಲೂ ಅದು ದಂಡವಲ್ಲ. ಕೃತ್ತಿಕೆಯ ಗುಂಪು ಆಕಾಶದಲ್ಲಿ ಸುಮಾರು ನಾಲ್ಕು ಹುಣ್ಣಿಮೆ ಚಂದ್ರರಷ್ಟು ಅಗಲ. ಡಾಬ್ಸೋನಿಯನ್‌ನ 48 ಪಟ್ಟಿನಲ್ಲಿ ಎರಡು ಚಂದ್ರರಷ್ಟು ಮಾತ್ರ ಹಿಡಿಸುತ್ತದೆ. ಬೈನಾಕ್ಯುಲರಿನಲ್ಲಿ ಕೃತ್ತಿಕೆ ಇಡಿಯಾಗಿ ಕಾಣುತ್ತದೆ. ಏಪ್ರಿಲ್ ತಿಂಗಳ ನಡುರಾತ್ರಿ ದಕ್ಷಿಣದಲ್ಲಿ ಒಮೆಗಾ ಸೆಂಟಾರಿ ಅನ್ನುವ ನಕ್ಷತ್ರಗಳ ದಟ್ಟ ಗುಂಪು ಏರಿ ಬರುತ್ತದೆ. ಲಂಡನ್ನಿನವರಿಗೆ ಅದು ಹುಟ್ಟುವುದೇ ಇಲ್ಲ, ನಮಗೆ 30 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಮೊದಲು ಬೈನಾಕ್ಯುಲರಿನಲ್ಲಿ ಹುಡುಕಿ, ಆಮೇಲೆ ಟೆಲಿಸ್ಕೋಪಿನಲ್ಲಿ ನೋಡು.

ಫೋಟೋ ತೆಗೆಯುವ ಆಸೆ ಈ ವರ್ಷ ಬೇಡ. ಮೊಬೈಲಿನಲ್ಲಿ ಚಂದ್ರನನ್ನು ತೆಗೆಯಲು ಹಿಡಿಕೆ ಸಾಕು, ಅದನ್ನು ಬೇಕಾದರೆ ಇಟ್ಟುಕೋ. ಅದಕ್ಕಿಂತ ಮುಂದಿನದ್ದು ಬೇರೆಯೇ ಖರ್ಚು.

ಅಂಗಡಿಗೆ ಫೋನ್ ಮಾಡಿದಾಗ ಕನ್ನಡಿಯ ಅಗಲ, ಫೋಕಲ್ ಲೆಂತ್, ಐಪೀಸ್ ಹಿಡಿಯ ಅಳತೆ ಮೂರನ್ನೂ ಕೇಳಿ ಬರೆದುಕೋ. ಕನ್ನಡಿ ಒಡೆದು ಬಂದರೆ ಬದಲಿಸಿಕೊಡುತ್ತಾರಾ ಅಂತ ಮೊದಲೇ ಕೇಳು. ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸೇರಿಸಿ ಲೆಕ್ಕ ಹಾಕು. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಕೋ. ಪೆಟ್ಟಿಗೆಯ ಅಳತೆ ಸಿಕ್ಕಿದ ಕೂಡಲೇ ನನಗೆ ಕಳಿಸು, ಬಡಗಿಗೆ ಈಗಲೇ ಹೇಳಿಡುತ್ತೇನೆ. ಕಾಫಿ ಕೊಯ್ಲು ಶುರುವಾದರೆ ಅವನು ಕೈಗೆ ಸಿಗುವುದಿಲ್ಲ.

ಇಂತಿ ನಿನ್ನ
ಅತ್ತೆ