ಕೇಕು, ಕಡುಬು, ಬ್ಯಾಟರಿ

ಈ ಸಂಚಿಕೆ ತಡವಾಯಿತು, ಬೇಜಾರು ಮಾಡ್ಕೋಬೇಡಿ. ಊರಿಗೆ ಹೋಗಿದ್ದೆ. ತಮ್ಮ ತೀರಿಕೊಂಡಿದ್ದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು.

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಹದಿಮೂರನೇ ದಿನದ ಊಟ ಮುಗಿದು ತಿಂಗಳೂ ಆಗಿರಲಿಲ್ಲ, ಅವನ ಮಗಳ ಆರನೇ ಹುಟ್ಟುಹಬ್ಬ ಬಂತು. ಮಾಡೋದೋ ಬೇಡವೋ? ವರ್ಷ ಕಳೆಯುವವರೆಗೆ ಹಬ್ಬ ಇಲ್ಲ, ಹುಟ್ಟುಹಬ್ಬವೂ ಹಬ್ಬವೇ ಅಲ್ವಾ ಅಂತ ಅಪ್ಪಯ್ಯ. ಸೂತಕ ಕಳೆದಿದೆ, ಮಗುವಿಗೆ ಆರತಿ ಎತ್ತಿದರೆ ತಪ್ಪಿಲ್ಲ ಅಂತ ಭಟ್ಟರು. 'ಯಾವತ್ತಿನಂತೆ ತಿಥಿ ನೋಡಿ ಮಾಡಿದರಾಯಿತು' ಅಂದ ಆಯಿ ಅಲ್ಲಿಗೇ ಸುಮ್ಮನಾದಳು. ಆ ತಿಂಗಳು ನಮ್ಮನೆಯಲ್ಲಿ ತಿಥಿ ಅಂದರೆ ಒಂದೇ ಅರ್ಥ. ಕೊನೆಗೆ ತಾರೀಖಿನ ಲೆಕ್ಕವೇ ಗೆದ್ದಿತು, ಯಾಕೆಂದರೆ ಕೂಸು ಆಗಲೇ ಶಾಲೆಯಲ್ಲಿ ಅರ್ಧ ಕ್ಲಾಸನ್ನು ಕರೆದು ಬಂದಿದ್ದಳು.

ದೇವಿಕೆರೆ ಕಡೆಯಿಂದ ನಾನು ಕೇಕ್ ತಂದೆ. ಆಯಿ ಹಲಸಿನ ಹಣ್ಣಿನ ಕಡುಬು ಮಾಡಿದಳು. ಅದು ಮೊಮ್ಮಗಳಿಗೆ ಸೇರುವುದೇ ಇಲ್ಲ, ಮಗನಿಗೆ ಸೇರುತ್ತಿತ್ತು. ಯಾರೂ ಹೇಳಲು ಹೋಗಲಿಲ್ಲ, ಎಲ್ಲರೂ ಎರಡೆರಡು ತಿಂದೆವು. ಬಂದ ಹೆಂಗಸರು ಒಬ್ಬೊಬ್ಬರಾಗಿ ಅವಳ ತಲೆ ಸವರಿ 'ಪಾಪ' ಅನ್ನುತ್ತಿದ್ದರು. 'ಯಾಕೆ ಪಾಪ? ನಂಗೆ ಹುಟ್ಟುಹಬ್ಬ' ಅಂದಳು ಅವಳು. (ದಯವಿಟ್ಟು ಎಲ್ಲಿಯೂ ಹೀಗೆ ಮಾಡಬೇಡಿ, ಮಾರಾಯ್ರೆ.) 2024ರ ಮಾರಿಕಾಂಬಾ ಜಾತ್ರೆಯಲ್ಲಿ ಅಪ್ಪ ಕೊಡಿಸಿದ ಬಳೆಯನ್ನು ಹೇಗೋ ತೂರಿಸಿ ಹಾಕಿಕೊಂಡಿದ್ದಳು. ಬಿಗಿಯಾಗಿದೆ, ಮುಂದಿನ ಜಾತ್ರೆಯಲ್ಲಿ ದೊಡ್ಡದು ಬೇಕು ಅಂದಳು. ಜಾತ್ರೆ ಇರುವುದು ಎರಡು ವರ್ಷಕ್ಕೊಮ್ಮೆ. ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಅವಳೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಆಷಾಢದ ಮಳೆ. ಸರಿಯಾಗಿ ಕೇಕ್ ಇಟ್ಟಾಗ ಕರೆಂಟ್ ಹೋಯಿತು. ದೀಪ ಆರಿಸುವುದು ಬೇಡವೇ ಬೇಡ ಅಂತ ತಮ್ಮನ ಹೆಂಡತಿ ಬೆಳಿಗ್ಗೆಯೇ ಹೇಳಿದ್ದಳು, ಆದರೆ ಮಕ್ಕಳು ಕೇಳಬೇಕಲ್ಲ, ಉಫ್ ಅಂತ ಊದಿಯೇ ಬಿಟ್ಟರು. ಕಗ್ಗತ್ತಲು. ಮಕ್ಕಳ ಕಿರುಚಾಟ. ಆಗ ಅಪ್ಪಯ್ಯ, 'ಮಾಣಿ ಬ್ಯಾಟರಿ ಎಲ್ಲಿದ್ದು?' ಅಂದರು. ಅದು ಬಾಗಿಲ ಹಿಂದೆ ಮೊಳೆಯಲ್ಲೇ ಇತ್ತು. ರಾತ್ರಿ ತೋಟಕ್ಕೆ ಹೋಗುವಾಗ ತಮ್ಮ ಹಿಡಿಯುತ್ತಿದ್ದದ್ದು, ಅಷ್ಟು ದಿನ ಯಾರೂ ಮುಟ್ಟಿರಲಿಲ್ಲ. ಹತ್ತಿತು. ತಮ್ಮನ ಹೆಂಡತಿ ಅಡುಗೆಮನೆಗೆ ಹೋದಳು, ಸ್ವಲ್ಪ ಹೊತ್ತಿಗೆ ಮುಖ ತೊಳೆದುಕೊಂಡು ಬಂದು ಬ್ಯಾಟರಿ ಹಿಡಿದು ನಿಂತಳು, ಕೂಸು ಕೇಕ್ ಕತ್ತರಿಸಿದಳು.

ಆ ಫೋಟೋದಲ್ಲಿ ಕೇಕ್ ಮತ್ತು ಎರಡು ಕೈ ಮಾತ್ರ ಕಾಣುತ್ತದೆ. ನಮ್ಮ ಹುಟ್ಟುಹಬ್ಬದ ಪುಟದಲ್ಲಿ ಹಾಕಿದ್ದೇನೆ. ನಿಮ್ಮ ಮಕ್ಕಳದ್ದೂ ಮುಂದಿನ ಸಂಚಿಕೆಗೆ ಕಳಿಸಿ. ನಗುತ್ತಿರುವ ಫೋಟೋನೇ ಆಗಬೇಕು ಅಂತೇನಿಲ್ಲ.