‘ವಿಡರ್‌ಶಿನ್ಸ್’ ಪದದ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಿನ್ನೆಯ ಇಂಗ್ಲಿಷ್ ಪದ ‘ವಿಡರ್‌ಶಿನ್ಸ್’ಗೆ ನಮ್ಮ ಗುಂಪಿನಲ್ಲಿ ನಾಲ್ಕೈದು ಥರ ಸ್ಪೆಲ್ಲಿಂಗ್ ಬಂದಿದೆ. ಸರಿಯಾದದ್ದು: ಡಬ್ಲ್ಯೂ, ಐ, ಎರಡು ಡಿ, ಇ, ಆರ್, ಎಸ್, ಎಚ್, ಐ, ಎನ್, ಎಸ್. ಎರಡು ಡಿ ಬದಲು ಟಿ, ಎಚ್ ಬರೆದರೂ ತಪ್ಪಲ್ಲ. ಕೊನೆಯ ಎಸ್ ಮಾತ್ರ ಬಿಡಬೇಡಿ, ಅದು ಬಹುವಚನದ್ದಲ್ಲ.

ಅರ್ಥ ನಮಗೆ ಹೊಸದೇನಲ್ಲ. ನಮ್ಮ ಉಡುಪಿ ರಥಬೀದಿಯಲ್ಲಿ ತೇರು ಪ್ರದಕ್ಷಿಣೆಯಾಗಿ ಬರುತ್ತದೆ ಅಲ್ವಾ? ಅದಕ್ಕೆ ಪೂರ್ತಿ ಉಲ್ಟಾ, ಅಂದರೆ ಅಪ್ರದಕ್ಷಿಣೆಯಾಗಿ. ಚರ್ಚಿಗೆ ಹಾಗೆ ಸುತ್ತು ಬಂದರೆ ಕೆಡುಕು ಎಂಬ ನಂಬಿಕೆ ಸ್ಕಾಟ್ಲೆಂಡಿನಲ್ಲೂ ಇತ್ತು. ಎಷ್ಟು ಹತ್ತಿರ ನೋಡಿ!

ಕಾಲಿನ ‘ಶಿನ್’ ಮೂಳೆಗೂ ಇದಕ್ಕೂ ಸಂಬಂಧವಿಲ್ಲ. ಉತ್ತರ ಜರ್ಮನಿಯ ಹಳೆಯ ಮಾತಿನಲ್ಲಿ ‘ವೆಡರ್’ ಅಂದರೆ ಎದುರು, ‘ಸಿನ್’ ಅಂದರೆ ದಾರಿ. ಅಲ್ಲಿಂದ ಸ್ಕಾಟ್ಸ್ ಭಾಷೆಗೆ, ಆಮೇಲೆ ಇಂಗ್ಲಿಷಿಗೆ ಬಂತು. 16ನೇ ಶತಮಾನದ ಸ್ಕಾಟ್ಸ್ ಬರಹದಲ್ಲೇ ಇದು ಸಿಗುತ್ತದೆ.